ಬಣ್ಣ ಹಾಕುವವರ ಬೆರಳು

ಬೆರಳಿಗೆ ಮಸಿ ಹಚ್ಚಿದರೆ ಕಳ್ಳ ಮತ ನಿಂತಂತೆಯೇ ಎನ್ನುವವರು ಬೆಟಗೇರಿಯನ್ನು ನೋಡಿಲ್ಲ. ಬಸ್ಸು ತಡವೆಂದು ನಾನು ಶಾಲೆಯ ಮತಗಟ್ಟೆಯ ಕಿಟಕಿಯ ಬಳಿ ನಿಂತಿದ್ದೆ. ಒಳಗೆ ಅಧಿಕಾರಿ, ನೂಲಿಗೆ ಬಣ್ಣ ಹಾಕುವ ಹಸನಸಾಬರ ನೀಲಿಗಟ್ಟಿದ ಎಡಗೈ ಬೆರಳು ಹಿಡಿದು ತಕರಾರು ತೆಗೆದಿದ್ದರು.

“ಆಗಲೇ ವೋಟ್ ಹಾಕೀರಲ್ಲರೀ, ಗುರುತು ಐತಿ.”

“ಅದು ನೂಲಿನ ಬಣ್ಣರೀ ಸಾಹೇಬ್ರ. ವೋಟಿಗಂತ ಎಂಟು ದಿನಾ ಹಂಡೆದಾಗ ಕೈ ಇಟ್ಟಿಲ್ಲ. ತಿಕ್ಕಿ ತಿಕ್ಕಿ ತೊಗಲ ಸುಲೀತು, ಬಣ್ಣ ಹೋಗವಲ್ದು.”

ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ತನ್ನ ಕಡುನೀಲಿ ಸೆರಗನ್ನು ಆ ಬೆರಳಿನ ಪಕ್ಕ ಹಿಡಿದಳು. “ಇದಕ್ಕೂ ಇವನೇ ಬಣ್ಣ ಹಾಕಿದ್ದು. ನೋಡ್ರಿ, ನನ್ನ ಸೀರಿನೂ ವೋಟ್ ಹಾಕಿ ಬಂದೈತೇನು?”

ಸಾಲಿಗೆ ಸಾಲೇ ನಕ್ಕಿತು. ಅಧಿಕಾರಿ ಸೆರಗನ್ನೂ ಬೆರಳನ್ನೂ ಹೋಲಿಸಿ ನೋಡಿದರು. ನಿಯಮದಂತೆ ಅದೇ ನೀಲಿ ಬೆರಳಿಗೆ ಮಸಿ ಎಳೆದು ಮತಪತ್ರ ಕೊಟ್ಟರು. ಹಸನಸಾಬರ ಮುಖ ಅರಳಿತು.

ನನಗೆ ತಡೆಯಲಾಗಲಿಲ್ಲ. ಕಿಟಕಿಯಿಂದಲೇ ಕೇಳಿದೆ: “ಸಾಹೇಬ್ರ, ಇವರು ಸಂಜಿಗೆ ಮತ್ತ ಬಂದ್ರ, ಏನ್ ನೋಡಿ ತಿರುಗಿ ಕಳಸ್ತೀರಿ?”