‘ಇನ್ನೊಂದು ಮೂಟೆ’ಯ ತಿರುಗಾಟ

ಜಾಕ್ಮೆಲ್ ಪೇಟೆಯಲ್ಲಿ ಕ್ಲೆರ್ಮೆನ್ ಕರಿದ ಬಾಳೆಕಾಯಿ ತಿನ್ನದವರು ಕಡಿಮೆ; ಅವಳಿಂದ ಬೈಸಿಕೊಳ್ಳದವರು ಇನ್ನೂ ಕಡಿಮೆ. ಬಂದರಿನ ಕಡೆಗೆ ಇಳಿಯುವ ಬೀದಿಯ ತಿರುವಿನಲ್ಲಿ ಬಾಣಲೆ ಇಟ್ಟು ಕೂತವಳು ಜಾಲರಿ ಸೌಟು ಎತ್ತಿದಳೆಂದರೆ ಪೊಲೀಸಿನವನೂ ಹಿಂದೆ ಸರಿಯುತ್ತಿದ್ದ. ಹಾಗಂತ ಅವಳೇನು ಹುಟ್ಟಾ ಸಿಡುಕಿಯಲ್ಲ. ಗಂಡ ಒಲಿಬ್ರಿಸ್ ಇದ್ದಾಗ ಬೀದಿಯ ಆ ತುದಿಗೆ ಕೇಳುವಂತೆ ನಗುತ್ತಿದ್ದವಳು.

ಒಲಿಬ್ರಿಸ್ ಅವರೆಕಾಳು ತರಲು ಮೂಡಲ ಕರಾವಳಿಯ ಬೆಲ್ ಆನ್ಸಿಗೆ ಹೋಗಿದ್ದ. ವಾಪಸು ಹತ್ತಿದ್ದು ಗೋಸ್ಲೆನ್ ಸಾಹುಕಾರನ ದೋಣಿ. ಜನ ತುಂಬಿತ್ತು, ಮೇಲೆ ಇದ್ದಿಲಿನ ಮೂಟೆಗಳು. “ಇನ್ನು ತಡೆಯಲ್ಲ ಸಾಹುಕಾರ್ರೇ” ಅಂತ ಕ್ಯಾಪ್ಟನ್ ಕೂಗಿದ. ದಡದಲ್ಲಿ ನಿಂತಿದ್ದ ಗೋಸ್ಲೆನ್ “ಇನ್ನೊಂದು ಮೂಟೆ ಹಾಕ್ರೋ” ಅಂದ. ದಡ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ದೋಣಿ ಮಗುಚಿತು; ಒಲಿಬ್ರಿಸ್ ಮುಳುಗಿಹೋದ. ಈಜಿ ಬದುಕಿದ ಇದ್ದಿಲು ವ್ಯಾಪಾರಿ ಹೆಂಗಸೊಬ್ಬಳು ಇಷ್ಟನ್ನೂ ಕ್ಲೆರ್ಮೆನ್‌ಗೆ ಹೇಳಿದಳು. ಕೋರ್ಟಿನಲ್ಲಿ ಆ ಹೆಂಗಸಿನ ಮಾತು ಯಾರೂ ಕೇಳಲಿಲ್ಲ. ಕ್ಯಾಪ್ಟನ್ ಕುಡಿದಿದ್ದ ಅಂದರು, ಮುಗಿಸಿದರು. ಅವನೂ ಸತ್ತಿದ್ದನಲ್ಲ, ಇಲ್ಲ ಅನ್ನಲು ಬಾಯಿ ಎಲ್ಲಿತ್ತು?

ಕ್ಲೆರ್ಮೆನ್ ಈ ಕತೆಯನ್ನು ಬಾಳೆಕಾಯಿ ಕೊಳ್ಳಲು ಬಂದವರಿಗೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಗೋಸ್ಲೆನ್‌ನಂತೆ ನಡೆದು ತೋರಿಸುವಳು, ಕ್ಯಾಪ್ಟನ್‌ನಂತೆ ಅಂಗಲಾಚುವಳು. ಪಕ್ಕದ ಬಡಗಿ ದ್ಯೂಫೋರ್ ಒಂದು ಸಂಜೆ ಅಂದ: “ಅಕ್ಕ, ಇದು ನಾಟಕಾನೇ ಆಗೋಯ್ತು. ಆಡೋಣ.” ಅವನು ಕ್ಯಾಪ್ಟನ್ ಆದ. ಗೋಸ್ಲೆನ್ ಪಾತ್ರ ಅವಳದೇ. ತಲೆಗೆ ಒಂದು ಬಿಳಿ ಟೋಪಿ. ಹೆಸರು ‘ಇನ್ನೊಂದು ಮೂಟೆ’. ಊರಲ್ಲಿ ಆಡಿದಾಗ ಜನ ಅತ್ತರು, ಬೈದರು, ಟೋಪಿಗೆ ಮಾವಿನ ಓಟೆ ಎಸೆದರು.

ಸತ್ತವರಲ್ಲಿ ಹೆಚ್ಚಿನವರು ಮೂಡಲ ಕರಾವಳಿಯವರು. ನಾಟಕ ಅಲ್ಲಿಗೆ ಹೋಗಲೇಬೇಕು ಅಂತ ಕ್ಲೆರ್ಮೆನ್ ಹಟ ಹಿಡಿದಳು. ಮಾರಿಗೋ, ಬೆಲ್ ಆನ್ಸ್, ಅದರಾಚೆಯ ಹಳ್ಳಿಗಳು. ಆದರೆ ತಂಡದ ಊಟ, ಪ್ರಯಾಣ, ದೀಪಕ್ಕೆ ದುಡ್ಡೆಲ್ಲಿ? ಟೊಂಕ ಕಟ್ಟಿ ಕೇಳಲು ಹೊರಟಳು. ಪಾದ್ರಿ, “ಸತ್ತವರಿಗೆ ಪೂಜೆ ಮಾಡಿಸೋಣ, ನಾಟಕ ಯಾಕಮ್ಮ?” ಅಂದರು. ನೆರವು ಸಂಸ್ಥೆಯ ಕಚೇರಿಯ ವಿದೇಶಿ ಹುಡುಗ ನಾಟಕವನ್ನು ಬಹಳ ಮೆಚ್ಚಿದ. ಕಾಲರಾ ಬಗ್ಗೆ, ಕೈ ತೊಳೆಯುವ ಒಂದು ದೃಶ್ಯ ಸೇರಿಸಿದರೆ ಹಣ ಕೊಡಿಸಬಹುದು ಅಂದ.

“ಎಲ್ಲಿ ಸೇರಿಸ್ಲಪ್ಪ?” ಅಂದಳು ಕ್ಲೆರ್ಮೆನ್. “ಮುಳುಗ್ತಾ ಇರೋರು ಸೋಪು ಕೇಳ್ಬೇಕಾ?”

ಕಡೆಗೆ ಗೋಸ್ಲೆನ್‌ನೇ ಹೇಳಿಕಳಿಸಿದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಫಿ ತರಿಸಿ, ನಗುತ್ತ ಮಾತಾಡಿದ.

“ನಿಮ್ಮ ದುಃಖ ನಂಗೆ ಅರ್ಥ ಆಗುತ್ತೆ ಕ್ಲೆರ್ಮೆನಮ್ಮ. ಊಟ ನಂದು, ದೋಣಿ ನಂದು. ಎಲ್ಲಾ ಊರಿಗೂ ಕರ್ಕೊಂಡ್ ಹೋಗ್ತೀನಿ. ಒಂದೇ ಒಂದು ಚಿಕ್ಕ ಬದಲಾವಣೆ. ಕ್ಯಾಪ್ಟನ್ ಕೈಗೊಂದು ಬಾಟ್ಲಿ ಕೊಡಿ, ಸಾಕು. ಕೋರ್ಟೂ ಹಾಗೇ ಹೇಳಿದೆಯಲ್ಲ.”

“ನಿನ್ನ ದೋಣೀಲಿ ನನ್ನ ಗಂಡ ಹೋಗಿದ್ದು ಸಾಲ್ದಾ? ಈಗ ನನ್ನ ನಾಟಕಾನೂ ಮುಳುಗಿಸ್ಬೇಕಾ?” ಅಂದವಳು ಕಾಫಿಯನ್ನು ಮುಟ್ಟದೆ ಎದ್ದು ಬಂದಳು.

ದ್ಯೂಫೋರ್‌ಗೆ ಹೇಳಿದರೆ ಅವನು ತಲೆ ಕೆರೆದುಕೊಂಡ. “ಒಂದು ಬಾಟ್ಲಿ ತಾನೇ ಅಕ್ಕ? ಮಿಕ್ಕಿದ್ದೆಲ್ಲ ಹಾಗೇ ಇರುತ್ತೆ. ಹೋಗದೇ ಇರೋದಕ್ಕಿಂತ ಹೋಗೋದು ವಾಸಿ ಅಲ್ವಾ?”

“ಆ ಬಾಟ್ಲಿ ಬಂದ್ರೆ ಮಿಕ್ಕಿದ್ದೇನೂ ಇರಲ್ಲ ಕಣೋ.”

ಅವನು ಉಳಿ ಎತ್ತಿಕೊಂಡು ಕೆಲಸಕ್ಕೆ ತಿರುಗಿದ. ಒಪ್ಪಿದ ಅಂದುಕೊಂಡಳು.

ಮುಂದಿನ ಭಾನುವಾರ ಶಾಲೆಯ ಅಂಗಳದಲ್ಲಿ ತಿರುಗಾಟದ ಸಹಾಯಾರ್ಥ ಆಟ ಇಟ್ಟರು. ಸಾಕಷ್ಟು ಜನ ಸೇರಿದರು. ಮುಂದಿನ ಸಾಲಿನಲ್ಲಿ ಗೋಸ್ಲೆನ್ ಬಂದು ಕೂತ. ಬೈಸಿಕೊಳ್ಳಲು ಇವನು ಕಾಸು ಕೊಟ್ಟು ಬಂದನೇ ಅಂತ ಕ್ಲೆರ್ಮೆನ್‌ಗೆ ಸೋಜಿಗ. ದೋಣಿ ತುಂಬುವ ದೃಶ್ಯ ಬಂತು. ದ್ಯೂಫೋರ್ “ಇನ್ನು ತಡೆಯಲ್ಲ” ಅನ್ನಬೇಕಿತ್ತು. ಅನ್ನಲಿಲ್ಲ. ಅಂಗಿಯೊಳಗಿಂದ ರಮ್ಮಿನ ಬಾಟಲಿ ತೆಗೆದು, ಗಟಗಟ ಕುಡಿದು, ತೂರಾಡಿದ. ಗೋಸ್ಲೆನ್ ಚಪ್ಪಾಳೆ ತಟ್ಟಿದ.

ಸತ್ತ ಕ್ಯಾಪ್ಟನ್‌ನ ಮುದಿ ತಾಯಿ ಅಲ್ಲೇ ಕೂತಿದ್ದಳು. ಕೈಯಿಂದ ಮುಖ ಮುಚ್ಚಿಕೊಂಡಳು.

ಕ್ಲೆರ್ಮೆನ್ ದ್ಯೂಫೋರ್‌ನ ಕೈಯಿಂದ ಬಾಟಲಿ ಕಿತ್ತುಕೊಂಡಳು. “ಸತ್ತೋನ ಬಾಯಿಗೆ ಸಾರಾಯಿ ಹೊಯ್ತೀಯೇನೋ? ಅವನ ತಾಯಿ ಎದುರಿಗೆ? ಎಷ್ಟು ಕೊಟ್ಟ ನಿಂಗೆ?”

“ಎಲ್ಲರ ಒಳ್ಳೇದಕ್ಕೇ ಮಾಡಿದೆ ಅಕ್ಕ...”

“ಇಳಿ ಕೆಳಗೆ.”

ಆಟ ಅಲ್ಲಿಗೇ ನಿಂತುಹೋಗುತ್ತದೆ ಅಂತ ಜನ ಏಳತೊಡಗಿದರು. ಕ್ಲೆರ್ಮೆನ್ ಬಿಳಿ ಟೋಪಿ ತೆಗೆದು ತಂಡದಲ್ಲಿ ಡೋಲು ಬಡಿಯುವವನ ತಲೆಗಿಟ್ಟಳು. “ನೀನು ಸಾಹುಕಾರ. ನಾನು ಕ್ಯಾಪ್ಟನ್” ಅಂದವಳೇ ದೃಶ್ಯವನ್ನು ಮೊದಲಿಂದ ಶುರು ಮಾಡಿದಳು. “ಇನ್ನು ತಡೆಯಲ್ಲ ಸಾಹುಕಾರ್ರೇ” ಅಂತ ಅವಳು ಅರಚಿದ್ದು ಡೋಲಿನವನಿಗಲ್ಲ, ಮುಂದಿನ ಸಾಲಿಗೆ. ಮುದುಕಿ ಮುಖದಿಂದ ಕೈ ತೆಗೆದಳು. ಅಂಗಳದಲ್ಲಿ ಯಾರೋ “ಇನ್ನೊಂದು ಮೂಟೆ!” ಅಂತ ಕೂಗಿದರು, ಆಮೇಲೆ ಎಲ್ಲರೂ. ಗೋಸ್ಲೆನ್ ಬೆವರು ಒರೆಸಿಕೊಳ್ಳುತ್ತ ಗೇಟಿನ ಕಡೆ ನಡೆದ.

ಟಿಕೆಟ್ಟಿನ ಹಣ ಅಕ್ಕಿ ಎಣ್ಣೆಗೆ ಸಾಲುವಷ್ಟಿತ್ತು. ದೋಣಿಗೆ ಸಾಲದು. ಮಾರನೆಯ ದಿನ ಸೆಂಟಿಲೂಸ್ ಎಂಬ ಬೆಸ್ತ ಬಾಳೆಕಾಯಿ ತಿನ್ನಲು ಬಂದವನು, “ಬಲೆ ಮೇಲೆ ಕೂತ್ಕೊಳಕ್ಕೆ ನಾಚಿಕೆ ಇಲ್ಲಾಂದ್ರೆ ನಮ್ಮ ಹಾಯಿದೋಣಿ ಇದಾವೆ” ಅಂದ. ಹಾಗೆ ಹೋಯಿತು ನಾಟಕ, ಮೀನಿನ ವಾಸನೆ ಹೊಡೆಯುತ್ತ, ದಡದ ಪಕ್ಕದಲ್ಲೇ. ಬೆಲ್ ಆನ್ಸಿನಲ್ಲಿ ಚಪ್ಪಾಳೆ ಬೀಳಲಿಲ್ಲ. ಒಬ್ಬ ಮುದುಕ ಎದ್ದು ಬಂದು ಡೋಲಿನವನ ತಲೆಯಿಂದ ಟೋಪಿ ಕಿತ್ತು ಸಮುದ್ರಕ್ಕೆ ಎಸೆದ. ಮುದುಕನ ಇಬ್ಬರು ಹೆಣ್ಣುಮಕ್ಕಳು ಮುಳುಗಿದ ದೋಣಿಯಲ್ಲಿದ್ದರು. ಮುಂದಿನ ಊರಿನಲ್ಲಿ ಸಾಹುಕಾರ ಬರಿದಲೆಯಲ್ಲೇ ಆಡಿದ.

ಜನ ಕೂಗಿದರು ಅಂತ ಕೋರ್ಟು ಮತ್ತೆ ಬಾಗಿಲು ತೆರೆಯಲಿಲ್ಲ. ಗೋಸ್ಲೆನ್‌ನ ದೋಣಿಗಳು ಇವತ್ತೂ ಓಡುತ್ತವೆ. ಆದರೆ ಮೂಡಲ ಕರಾವಳಿಯಲ್ಲಿ ಹತ್ತುವ ಜನ ಮೊದಲು ಮೂಟೆ ಎಣಿಸುತ್ತಾರೆ, ಜಾಸ್ತಿ ಕಂಡರೆ ಕೆಳಗಿಳಿಸುವ ತನಕ ಹತ್ತುವುದಿಲ್ಲ. ದ್ಯೂಫೋರ್‌ಗೆ ಗೋಸ್ಲೆನ್‌ನ ಹತ್ತಿರ ದೋಣಿ ರಿಪೇರಿಯ ಕೆಲಸ ಸಿಕ್ಕಿದೆ. ಒಂದು ಸಂಜೆ ಅವನು ಬಾಣಲೆಯ ಮುಂದೆ ಬಂದು ನಿಂತ.

“ತಪ್ಪಾಯ್ತು ಅಕ್ಕ. ಇನ್ನೂ ಕೋಪಾನಾ?”

ಅವಳು ಬಾಳೆಕಾಯಿ ಕಟ್ಟಿಕೊಟ್ಟಳು, ಮೇಲೆ ಖಾರದ ಕೋಸಿನ ಉಪ್ಪಿನಕಾಯಿ ಹಾಕಿದಳು, ಕಾಸು ತೆಗೆದುಕೊಂಡಳು.

“ಹೂಂ” ಅಂದಳು. “ಇದೆ.”