ಮದ್ದಿಲ್ಲದ ತೋಟಾ

ಕನ್ನಡದಲ್ಲಿ ತೋಟಕ್ಕೂ ತೋಟಾಕ್ಕೂ ನಡುವೆ ಇರುವುದು ಒಂದೇ ಒಂದು ದೀರ್ಘ. ಒಂದರಲ್ಲಿ ಮಲ್ಲಿಗೆ ಬೆಳೆಯುತ್ತದೆ, ಇನ್ನೊಂದನ್ನು ಬಂದೂಕಿಗೆ ತುಂಬುತ್ತಾರೆ. ಇಷ್ಟು ಚಿಕ್ಕ ವ್ಯತ್ಯಾಸ ಎಂದಾದರೂ ನನಗೆ ತೊಂದರೆ ಕೊಟ್ಟೀತು ಎಂದು ಮೈಸೂರಿನಲ್ಲಿದ್ದಷ್ಟು ಕಾಲ ಅನ್ನಿಸಿರಲಿಲ್ಲ. ಕೊಟ್ಟದ್ದು ದೋಹಾದಲ್ಲಿ, ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ. ಊಟಕ್ಕೆ ಕೂತಾಗ, ನಮ್ಮ ಮುದೀರ್, ಅಂದರೆ ಮ್ಯಾನೇಜರ್ ಸಾಹೇಬರಿಗೆ ತೋಟಾ ತುಂಬುವ ಕಿಟ್ ತರಿಸಿಕೊಡಬೇಕಂತೆ ಎಂದೆ. ನನ್ನ ಹೆಂಡತಿ ವಿಮಲಾ, ಆ ಮರಳಿನಲ್ಲಿ ಅವರು ಏನು ಬೆಳೆದಾರು, ಮೊದಲು ನಮ್ಮ ಬಾಲ್ಕನಿಯ ತುಳಸಿಗೆ ಒಂದು ಚೀಲ ಒಳ್ಳೆ ಮಣ್ಣು ತನ್ನಿ ಅಂದಳು.

ಅವಳ ತಪ್ಪೇನೂ ಇಲ್ಲ. ನಾನೂ ಬೆಳಿಗ್ಗೆ ಹಾಗೇ ಎಡವಿದ್ದೆ. ನಾನು ಕಟ್ಟಡ ಸಾಮಾನಿನ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಪರ್ಚೇಸ್ ಆಫೀಸರ್. ಸಿಮೆಂಟು, ನಲ್ಲಿ, ಕಮೋಡು, ಟೈಲ್ಸು ಇವು ನನ್ನ ಪ್ರಪಂಚ. ‘ರೀಲೋಡಿಂಗ್’ ಎಂದರೆ ಒಂದು ಲಾರಿಯಿಂದ ಇಳಿಸಿದ್ದನ್ನು ಇನ್ನೊಂದಕ್ಕೆ ಏರಿಸುವುದು ಎಂದೇ ತಿಳಿದಿದ್ದವನು. ಹಾಗಾಗಿ ಮುದೀರ್ ಅಬು ಸಾಲೆಹ್ ನನ್ನನ್ನು ಕರೆದು ರೀಲೋಡಿಂಗ್ ಕಿಟ್ ಎಂದಾಗ, ಫೋರ್ಕ್‌ಲಿಫ್ಟ್ ಬೇಕೋ ಅಥವಾ ಕೈಗಾಡಿ ಸಾಕೋ ಎಂದು ಕೇಳಿಬಿಟ್ಟೆ. ಅವರು ಎರಡು ಬೆರಳನ್ನು ಬಂದೂಕಿನ ಹಾಗೆ ಹಿಡಿದು ಕಿಟಕಿಯ ಕಡೆ ತೋರಿಸಿದರು. ಆಗ ಅರ್ಥವಾಯಿತು. ಅರ್ಥವಾದ ಮೇಲೆ ಗೊಂದಲ ಇನ್ನೂ ಹೆಚ್ಚಾಯಿತು.

ಅರಬರಲ್ಲಿ ಒಂದು ಪದ್ಧತಿ ಇದೆ. ಗಂಡಸನ್ನು ಅವನ ಹಿರಿಯ ಮಗನ ಹೆಸರು ಹಿಡಿದು ಕರೆಯುತ್ತಾರೆ. ಅಬು ಸಾಲೆಹ್ ಎಂದರೆ ಸಾಲೆಹನ ಅಪ್ಪ. ನಾವೆಲ್ಲ ಬೆಳಗಿನಿಂದ ಸಂಜೆಯವರೆಗೆ ಅವರನ್ನು ಹಾಗೆ ಕರೆಯುತ್ತಿದ್ದೆವು, ಆದರೆ ಆ ಸಾಲೆಹ್ ಮತ್ತು ಅವನ ಅಪ್ಪ ಪರಸ್ಪರ ಮಾತಾಡುವುದು ಬಹುತೇಕ ನಿಂತುಹೋಗಿತ್ತು. ಜಗಳವೇನೂ ಇಲ್ಲ. ಮಗ ಅಮೆರಿಕದಲ್ಲಿ ಓದಿ ಬಂದಿದ್ದ. ಬಂದವನು ಮೊದಲು ಸ್ಪೀಡ್‌ಬೋಟ್ ಅಂದ, ಆಮೇಲೆ ಗಿಡುಗ ಸಾಕುತ್ತೇನೆ ಅಂದ, ಆಮೇಲೆ ಫೋಟೋ ತೊಳೆಯುವ ಕತ್ತಲೆ ಕೋಣೆ ಕಟ್ಟಿಸಿದ. ಈಗ ಗುರಿ ಹೊಡೆಯುವ ಕ್ಲಬ್ಬು. ಅಲ್ಲಿ ಹಾರಿಸಿದ ತೋಟಾಗಳ ಹಿತ್ತಾಳೆ ಕವಚವನ್ನು ಎಸೆಯದೆ, ಮತ್ತೆ ಮದ್ದು ಗುಂಡು ತುಂಬಿ ತಾನೇ ತಯಾರಿಸಿಕೊಳ್ಳಬೇಕೆಂಬ ಆಸೆ. ಅಪ್ಪ ಬೇಡ ಅನ್ನಲಿಲ್ಲ. ಆದರೆ ಕತ್ತಲೆ ಕೋಣೆಯಲ್ಲಿ ಈಗ ಅಕ್ಕಿ ಮೂಟೆ ಇಟ್ಟಿದ್ದಾರೆ ಎಂಬುದನ್ನು ಮರೆತಿರಲಿಲ್ಲ. ಅದಕ್ಕೇ ಬಜೆಟ್ ಕಟ್ಟಿ, ಆರಿಸುವ ಹೊಣೆಯನ್ನು ನನ್ನ ತಲೆಗೆ ಕಟ್ಟಿದರು. ಅವರು ಹಿಂದೆ ಬೊಂಬಾಯಿ ವ್ಯಾಪಾರದಲ್ಲಿ ಕಲಿತ ಹಿಂದಿಯಲ್ಲಿ ಹೇಳಿದ್ದು ಇಷ್ಟು: ಅಗ್ಗದ್ದಾಗಿರಬೇಕು, ಅಗ್ಗದ್ದರ ಹಾಗೆ ಕಾಣಬಾರದು.

ಬಂದೂಕಿಗೂ ನನಗೂ ಇದ್ದ ನಂಟು ಎಂದರೆ ಬ್ಯಾಂಕಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ತೂಕಡಿಸುವ ಕಾವಲುಗಾರನ ತೊಡೆಯ ಮೇಲಿನ ಬಂದೂಕು ಮಾತ್ರ. ದಸರಾದ ಕುಶಾಲತೋಪಿಗೇ ಕಿವಿ ಮುಚ್ಚಿಕೊಂಡು ಅಮ್ಮನ ಸೆರಗು ಹಿಡಿದವನು ನಾನು. ಅಂಥವನ ಮೇಜಿನ ಮೇಲೆ ಸಾಲೆಹ್ ಎರಡು ದಪ್ಪ ಕ್ಯಾಟಲಾಗ್ ತಂದಿಟ್ಟ. ತೆರೆದರೆ ಎಲ್ಲ ಪರಿಚಯದ ಪದಗಳೇ, ಆದರೆ ಯಾವುದೂ ತನ್ನ ಜಾಗದಲ್ಲಿಲ್ಲ. ಪ್ರೆಸ್ ಎಂದಿತ್ತು, ಇಸ್ತ್ರಿಯಲ್ಲ. ಪ್ರೈಮರ್ ಎಂದಿತ್ತು, ಅದು ಗೋಡೆಗೆ ಬಣ್ಣ ಬಳಿಯುವ ಮುಂಚೆ ಹಚ್ಚುವುದಲ್ಲ; ಕವಚದ ತಳದಲ್ಲಿ ಕೂತು ಕಿಡಿ ಹಾರಿಸುವ ಸಣ್ಣ ಬಟ್ಟಲು. ಡೈ ಸೆಟ್ ಎಂಬುದನ್ನು ಓದಿ, ಆಗ ತಾನೇ ನರೆಗೂದಲಿಗೆ ಕಪ್ಪು ಹಚ್ಚಲು ಶುರುಮಾಡಿದ್ದ ನಾನು ಸುಮ್ಮನೆ ತಲೆ ಸವರಿಕೊಂಡೆ. ಅದು ಕವಚವನ್ನು ಒತ್ತಿ ಅಳತೆಗೆ ತರುವ ಉಕ್ಕಿನ ಅಚ್ಚು. ಬೆಲೆ ಕೇಳಿ ಫ್ಯಾಕ್ಸ್ ಮಾಡಿದರೆ, ನಿಮ್ಮ ಕ್ಯಾಲಿಬರ್ ಏನು ಎಂದು ಉತ್ತರ ಬಂತು. ನನ್ನ ಯೋಗ್ಯತೆಯನ್ನು ಅಮೆರಿಕದವರೂ ಪ್ರಶ್ನಿಸುವ ಹಾಗಾಯಿತಲ್ಲ ಎಂದು ಒಂದು ಕ್ಷಣ ಮುಖ ಕೆಂಪಾಯಿತು; ಅವರು ಕೇಳಿದ್ದು ಗುಂಡಿನ ಅಳತೆ.

ಯಾರನ್ನಾದರೂ ಕೇಳೋಣವೆಂದು ಅಕೌಂಟ್ಸ್ ವಿಭಾಗದ ಬೋಪಣ್ಣನ ಹತ್ತಿರ ಹೋದೆ. ಕೊಡಗಿನವನು, ದೊಡ್ಡ ಮೀಸೆ, ಮನೆಯಲ್ಲಿ ಗೋಡೆ ತುಂಬ ಕೋವಿ ಇದ್ದೀತು ಎಂದು ನಾವೆಲ್ಲ ಮಾತಾಡಿಕೊಳ್ಳುತ್ತಿದ್ದೆವು. ಅವನು ಬಾಗಿಲು ಮುಚ್ಚಿ, ಯಾರಿಗೂ ಹೇಳಬೇಡ ಎಂದು ಮೊದಲೇ ಮಾತು ತೆಗೆದುಕೊಂಡ. ಮನೆಯಲ್ಲಿ ಮಗು ಹುಟ್ಟಿದರೂ ಗುಂಡು, ಹಬ್ಬಕ್ಕೂ ಗುಂಡು. ಪ್ರತಿ ಸಲವೂ ತಾನು ಅಜ್ಜಿಯ ಮಂಚದ ಕೆಳಗೆ ಇರುತ್ತಿದ್ದನಂತೆ. ದೋಹಾ ಅವನಿಗೆ ಇಷ್ಟವಾದದ್ದೇ ಇಲ್ಲಿ ಯಾರೂ ಖುಷಿಗೆ ಕೋವಿ ಎತ್ತುವುದಿಲ್ಲ ಎಂದು. ನನಗೆ ಗೊತ್ತಿರುವುದು ಬ್ಯಾಲೆನ್ಸ್ ಶೀಟ್ ಮಾತ್ರ ಮಾರಾಯ ಎಂದು ಮೀಸೆ ಒರೆಸಿಕೊಂಡ.

ಕೊನೆಗೆ ನನ್ನ ಮುಂದೆ ಉಳಿದದ್ದು ಎರಡು. ಒಂದರಲ್ಲಿ ಹಿಡಿಯನ್ನು ಒಮ್ಮೆ ಎಳೆದರೆ ಒಂದೇ ಕೆಲಸ. ಎಲ್ಲ ಕವಚಗಳಿಗೂ ಅದನ್ನು ಮಾಡಿ, ಅಚ್ಚು ಬದಲಿಸಿ, ಮತ್ತೆ ಎಲ್ಲಕ್ಕೂ ಮುಂದಿನ ಕೆಲಸ ಮಾಡಬೇಕು. ಇನ್ನೊಂದು ತಿರುಗುವ ಯಂತ್ರ. ಪ್ರತಿ ಎಳೆತಕ್ಕೆ ಒಂದೊಂದು ತಯಾರಾದ ತೋಟಾ ಬೀಳುತ್ತದೆ. ಎರಡನೆಯದು ದುಬಾರಿ, ಆದರೂ ಎಲ್ಲೋ ಒಂದಿಷ್ಟು ಡಿಸ್ಕೌಂಟ್ ಹಿಂಡಿದರೆ ಬಜೆಟ್ಟಿನೊಳಗೆ ತುರುಕಬಹುದಿತ್ತು. ಸಾಲೆಹ್ ಬಂದು, ತನಗೆ ವೇಗದ್ದೇ ಬೇಕು, ಅಪ್ಪನಿಗೆ ಈಗಲೇ ಹೇಳುವುದು ಬೇಡ ಎಂದು ಹೋದ. ಮಧ್ಯಾಹ್ನ ಅಬು ಸಾಲೆಹ್ ಕರೆದರು. ಚಹಾ ತರಿಸಿದರು. ಬಹಳ ಹೊತ್ತು ನಲ್ಲಿಗಳ ಬೆಲೆಯ ಬಗ್ಗೆ ಮಾತಾಡಿದರು. ನಾನು ಎದ್ದು ಬಾಗಿಲ ಹತ್ತಿರ ಹೋದಾಗ ಹೇಳಿದರು:

“ರಾವ್, ಬೇಗ ಮುಗಿಯುವಂಥದ್ದು ತರಿಸಬೇಡ. ಬೇಗ ಮುಗಿದರೆ ಅವನು ಮತ್ತೆ ಹೊರಗೆ ಹೋಗುತ್ತಾನೆ.”

ಇದನ್ನೂ ಮಗನಿಗೆ ಹೇಳಬಾರದಂತೆ.

ನೀವೇ ಯೋಚಿಸಿ ನೋಡಿ. ನನ್ನ ವೀಸಾ ಆ ವರ್ಷವೇ ನವೀಕರಣಕ್ಕಿತ್ತು, ಅದು ಅಪ್ಪನ ಸಹಿ. ಇನ್ನೆರಡು ವರ್ಷಕ್ಕೆ ಆ ಕುರ್ಚಿಯಲ್ಲಿ ಕೂರುವವನು ಮಗ. ಇಬ್ಬರೂ ಒಂದೇ ಮನೆಯಲ್ಲಿ ಮಲಗಿ ಏಳುವವರು, ತಮ್ಮೊಳಗೆ ಆಡಬೇಕಾದ ಮಾತನ್ನು ನನ್ನ ಕಿವಿಯಲ್ಲಿ ತಂದು ಸುರಿದಿದ್ದರು. ನಾನು ಕ್ಯಾಟಲಾಗುಗಳನ್ನು ಅಲ್ ಮುಂತಜಾದ ನಮ್ಮ ಮನೆಗೆ ಹೊತ್ತು ತಂದೆ. ವಿಮಲಾ ಪುಟ ತಿರುಗಿಸಿ, ಮೊದಲನೆಯ ಯಂತ್ರದ ಚಿತ್ರದ ಮೇಲೆ ಬೆರಳಿಟ್ಟಳು. ಇದು ನಮ್ಮಮ್ಮನ ಶಾವಿಗೆ ಒರಳಲ್ಲವೇ ಅಂದಳು. ನೋಡಿದೆ, ಹೌದು. ಹಾಗೇ ಎತ್ತಿ ಒತ್ತುವುದು, ಹಾಗೇ ಮಜಬೂತಾದ ಕಾಲು. ಇನ್ನೊಂದರ ಚಿತ್ರವನ್ನು ಮೂರು ದಿಕ್ಕಿನಿಂದ ನೋಡಿದರೂ ಯಾವುದು ತಲೆ ಯಾವುದು ಬುಡ ಎಂದು ನನಗೆ ಹೊಳೆಯಲಿಲ್ಲ. ಹಾಗಾಗಿ ಶಾವಿಗೆ ಒರಳಿಗೆ ಆರ್ಡರ್ ಹಾಕಿದೆ. ಇದರಲ್ಲಿ ಅಪ್ಪನ ಮೇಲಿನ ನಿಷ್ಠೆಯೂ ಇಲ್ಲ, ಮಗನ ಹಿತಚಿಂತನೆಯೂ ಇಲ್ಲ. ಅರ್ಥವಾಗದ ವಸ್ತುವಿನ ಮೇಲೆ ಸಹಿ ಹಾಕಲು ಕೈ ಬರಲಿಲ್ಲ, ಅಷ್ಟೇ.

ಪೆಟ್ಟಿಗೆ ಬಂದ ದಿನ ಸಾಲೆಹ್ ನನ್ನ ಮೇಜಿನ ಪಕ್ಕದಲ್ಲೇ ಬಿಚ್ಚಿದ. ಹಿಡಿಯನ್ನು ಒಮ್ಮೆ ಎಳೆದು ಬಿಟ್ಟ. “ಒಂದೊಂದಾಗಿಯೇ ಮಾಡಬೇಕಾ?” ಎಂದು ಕೇಳಿದ. ಕಲಿಯುವವರಿಗೆ ಇದೇ ಸರಿ ಎಂದು ಕ್ಯಾಟಲಾಗಿನಲ್ಲೇ ಇದೆ ಅಂದೆ. ಅವನು ಪೆಟ್ಟಿಗೆ ಮುಚ್ಚಿ ಹೊತ್ತುಕೊಂಡು ಹೋದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಅನರ್ಥ ಅಲ್ಲಿಗೂ ನಿಲ್ಲಲಿಲ್ಲ. ಕಸ್ಟಮ್ಸಿನವರು ಕಬ್ಬಿಣವನ್ನು ಬಿಟ್ಟಿದ್ದರು. ಮದ್ದು ಮತ್ತು ಪ್ರೈಮರ್ ತರಿಸಲು ಬೇರೆಯೇ ಪರವಾನಗಿ ಬೇಕು ಎಂದರು. ಅರ್ಜಿ ಕೊಟ್ಟೆವು. ಕೌಂಟರಿನವನು ಬಾರೂದ್ ಮಾಫಿ, ಮದ್ದು ಇಲ್ಲ ಎಂದು ಕೈಯಾಡಿಸಿ, ಆಮೇಲೆ ಬಾ ಅಂದ. ಆಮೇಲೆ ಹೋದೆ, ಮತ್ತೆ ಆಮೇಲೆ ಬಾ ಅಂದ. ತೋಟಾ ತುಂಬುವ ಯಂತ್ರ ಮನೆಯಲ್ಲಿ, ತುಂಬಬೇಕಾದ ಮದ್ದು ಸಮುದ್ರದ ಆಚೆ. ಇಂಥ ಪರ್ಚೇಸ್ ಆಫೀಸರನ್ನು ಯಾರು ಇಟ್ಟುಕೊಳ್ಳುತ್ತಾರೆ? ವಿಮಲಾ ಮಕ್ಕಳ ಸ್ಕೂಲಿನ ಟಿ.ಸಿ.ಯ ಬಗ್ಗೆ ಮೆತ್ತಗೆ ವಿಚಾರಿಸತೊಡಗಿದಳು. ವೀಸಾ ನವೀಕರಣಕ್ಕೆ ಕೊಟ್ಟಿದ್ದ ನನ್ನ ಪಾಸ್‌ಪೋರ್ಟನ್ನು ಮುದೀರ್ ತಮ್ಮ ಮೇಜಿನ ಮೇಲೇ ಇಟ್ಟುಕೊಂಡಿದ್ದರು.

ಚಳಿಗಾಲ ಶುರುವಾದ ಮೇಲೆ ಒಂದು ಗುರುವಾರ, ತುರ್ತಾದ ಒಂದು ಸಹಿಗಾಗಿ ಅವರ ಮನೆಗೆ ಹೋಗಬೇಕಾಯಿತು. ಮನೆಯ ಆಳು ನನ್ನನ್ನು ಅತಿಥಿಗಳನ್ನು ಕೂರಿಸುವ ಮಜ್ಲಿಸಿನ ಪಕ್ಕದ ಕೋಣೆಗೆ ಕರೆದೊಯ್ದ. ಅದೇ ಹಳೆಯ ಕತ್ತಲೆ ಕೋಣೆ. ಕಿಟಕಿಯ ಕಪ್ಪು ಬಟ್ಟೆ ತೆಗೆದಿದ್ದರು. ಮೇಜಿಗೆ ಯಂತ್ರವನ್ನು ಬಿಗಿದಿದ್ದರು. ಅಬು ಸಾಲೆಹ್ ತೋಳು ಮಡಚಿ ಹಿಡಿ ಎಳೆಯುತ್ತಿದ್ದರು. ಹಳೆಯ ಪ್ರೈಮರ್ ಟಕ್ ಎಂದು ಬೀಳುತ್ತಿತ್ತು. ಸಾಲೆಹ್ ಖಾಲಿ ಕವಚವನ್ನು ತೆಗೆದು, ಅಳೆದು, ಒರೆಸಿ, ಸಾಲಾಗಿ ನಿಲ್ಲಿಸುತ್ತಿದ್ದ. ತನ್ನದು ಮುಗಿದು ಈಗ ಕ್ಲಬ್ಬಿನ ಗೆಳೆಯರ ಕವಚಗಳನ್ನೂ ಚೀಲದಲ್ಲಿ ತಂದಿದ್ದನಂತೆ. ಅಪ್ಪ ಏನೋ ಹಳೆಯ ಕತೆ ಹೇಳುತ್ತಿದ್ದರು. ಮುತ್ತು ಹುಡುಕಲು ಹೋಗುತ್ತಿದ್ದ ದೋಣಿಯ ವಿಷಯ ಎಂಬಷ್ಟು ಅರಬಿ ನನಗೆ ತಿಳಿಯಿತು. ಮಗ ನಗುತ್ತಾ ನಡುವೆ ಏನೋ ಕೇಳಿದ. ನಾನು ಬಾಗಿಲಲ್ಲಿ ನಿಂತದ್ದು ಇಬ್ಬರಿಗೂ ಕಾಣಲಿಲ್ಲ. ಕಾಗದ ಹಿಡಿದುಕೊಂಡು ಹೇಗೆ ಕೆಮ್ಮಬೇಕೆಂದು ಯೋಚಿಸುತ್ತಾ ನಿಂತೆ.

ಅವರು ಸಹಿ ಹಾಕುವಾಗ, ಪರವಾನಗಿ ಇನ್ನೂ ಬಂದಿಲ್ಲ, ಶನಿವಾರ ಮತ್ತೆ ಹೋಗುತ್ತೇನೆ ಎಂದೆ. ಅಬು ಸಾಲೆಹ್ ತಲೆ ಎತ್ತದೆ, ನಿನ್ನ ವೀಸಾ ಆಗಿದೆ, ಆಫೀಸಿನಲ್ಲಿ ಪಾಸ್‌ಪೋರ್ಟ್ ತೆಗೆದುಕೋ ಎಂದರು. ಸಾಲೆಹ್ ನನ್ನನ್ನು ಕಾರಿನವರೆಗೆ ಕಳಿಸಲು ಬಂದ. ಅವನು ಹಾಗೆ ಬಂದದ್ದು ಅದೇ ಮೊದಲು.

“ಆ ಪರವಾನಗಿಗೆ ನೀವು ಅಷ್ಟೊಂದು ಓಡಾಡಬೇಡಿ” ಎಂದ. “ನಿಧಾನವಾಗಿ ಬರಲಿ.”

ಸಮುದ್ರ ದಂಡೆಯ ಕಾರ್ನಿಶ್ ರಸ್ತೆಯುದ್ದಕ್ಕೂ ಯೋಚಿಸಿದೆ. ಖಲಾಸ್, ಗಂಡಾಂತರ ಮುಗಿಯಿತು, ಬದುಕಿದೆ ಅನ್ನುವುದೇನೋ ಖಾತ್ರಿಯಾಯಿತು. ಆದರೆ ನಾನು ತರಿಸಿದ್ದು ಒಳ್ಳೆಯ ಕಿಟ್ಟೋ ಕೆಟ್ಟದ್ದೋ ಎಂಬುದು ಮಾತ್ರ ತಿಳಿಯಲಿಲ್ಲ. ಒಂದು ಗುಂಡನ್ನೂ ತಯಾರಿಸದ ಯಂತ್ರವನ್ನು ಯಾವ ಲೆಕ್ಕದಲ್ಲಿ ಹೊಗಳುವುದು, ಯಾವ ಲೆಕ್ಕದಲ್ಲಿ ತೆಗಳುವುದು?

ಮನೆಯಲ್ಲಿ ವಿಮಲಾ ಮೊದಲು ವೀಸಾದ ವಿಷಯ ಕೇಳಿ ನಿರಾಳವಾಗಿ ಉಸಿರು ಬಿಟ್ಟಳು. ಆಮೇಲೆ, ಆ ಯಂತ್ರದಲ್ಲಿ ತೋಟಾ ತುಂಬುತ್ತಿದ್ದಾರಾ ಎಂದು ಕೇಳಿದಳು. ಇಲ್ಲ ಎಂದೆ.

“ಮತ್ತೆ ಅದನ್ನಿಟ್ಟುಕೊಂಡು ಅಪ್ಪ ಮಗ ಏನು ಮಾಡ್ತಾರೆ?”

“ಮಾತಾಡ್ತಾರೆ” ಎಂದೆ.

“ಅದಕ್ಕೆ ಅಷ್ಟು ದೊಡ್ಡ ಕಬ್ಬಿಣ ಬೇಕಿತ್ತಾ?”

ಕೆಲವರಿಗೆ ಬೇಕಾಗುತ್ತೆ ಅಂತ ಕಾಣುತ್ತೆ ಎಂದು ಹೇಳಿ, ನಾನು ಕೈ ತೊಳೆಯಲು ಎದ್ದೆ.