ಲೋಲಕದ ಗುಂಡನ್ನು ಕೆಳಗಿಳಿಸಿದ ಈರಬಸಪ್ಪ

ಬೆಳಗಿನ ಆರೂವರೆ. ಕೊಂಢವಾ ಬಡಾವಣೆಯ ಹಾರ್ಡ್‌ವೇರ್ ಅಂಗಡಿಯ ಶಟರ್ ಇನ್ನೂ ಮೇಲೆದ್ದಿಲ್ಲ, ಅದರ ಮೇಲಿನ ಮಹಡಿಯಲ್ಲಿ ಆಗಲೇ ಕೆಲಸ ಶುರುವಾಗಿದೆ. ಅರವತ್ತೊಂದರ ಈರಬಸಪ್ಪ ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರಿಗೆ ಕೈಮುಗಿದು, ಕೂಡಲೇ ಅದರೊಂದಿಗೆ ಕಿತಾಪತಿಗೆ ಇಳಿಯುತ್ತಾರೆ. ಪರದೆಯ ಮೇಲಿನ ಸ್ಪ್ರಿಂಗಿಗೆ ತೂಕವೇ ಇಲ್ಲದ ಗುಂಡು ನೇತುಹಾಕುತ್ತಾರೆ. ಪುಟ್ಟ ಬಂಡಿಯನ್ನು ಗೋಡೆಗೆ ಗುದ್ದಿಸುತ್ತಾರೆ. ಬಂಡಿ ಗೋಡೆಯನ್ನೇ ತೂರಿಕೊಂಡು ಮಾಯವಾದರೆ ಅವರ ಮುಖ ಅರಳುತ್ತದೆ. "ಸಿಕ್ತ ನೋಡ್ರಿ ಮೊದಲನೇದು!" ಎಂದು ನೋಟ್‌ಬುಕ್ ತೆಗೆಯುತ್ತಾರೆ.

ಎಂಟು ಜನರ ಈ ಕಂಪನಿ ಶಾಲೆಗಳಿಗೆ ಭೌತಶಾಸ್ತ್ರದ ಪ್ರಯೋಗಗಳನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುತ್ತದೆ. ಯಾರೋ ವಿಚಿತ್ರವಾಗಿ ಆಡಿಸಿದಾಗ ಮಾತ್ರ ತಲೆಯೆತ್ತುವ ತಪ್ಪುಗಳು ಅದರಲ್ಲಿ ದಿನಕ್ಕೆ ಮೂವತ್ತು ನಲವತ್ತು ಸಿಗುತ್ತವೆ. ತಿದ್ದಲು ಪುರಸೊತ್ತಿರುವುದು ಐದಾರನ್ನು. ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವುದು ಈರಬಸಪ್ಪನವರ ಕೆಲಸ. ಪ್ರೋಗ್ರಾಂ ಬರೆಯಲು ಅವರಿಗೆ ಬಾರದು, ಮಕ್ಕಳ ಕೈ ಮಾತ್ರ ಚೆನ್ನಾಗಿ ಗೊತ್ತು. "ಕೂಸು ಹಿಂಗ ಮಾಡ್ತದೋ ಇಲ್ಲೋ, ಅಷ್ಟ ನೋಡ್ತೀನ್ರಿ. ಮಾಡ್ತದಂದ್ರ ಕೆಂಪು ಗೆರಿ, ತಿದ್ದಬೇಕು. ಮಾಡಂಗಿಲ್ಲಂದ್ರ ನೀಲಿ ಗೆರಿ, ಬಿಡಬೇಕು."

ಇಂಡಿ ಕಡೆಯಿಂದ ಬಂದು ಈ ಊರಿನ ಸ್ವಾರಗೇಟ ನಿಲ್ದಾಣದಲ್ಲಿ ಬಸ್ ಇಳಿದಾಗ ಅವರಿಗೆ ಇಪ್ಪತ್ತಾರು. ಕಾಲೇಜೊಂದರ ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷ ಅಟೆಂಡರ್ ಆಗಿ ದುಡಿದರೂ ನೌಕರಿ ಖಾಯಂ ಆಗಲೇ ಇಲ್ಲ. ಕೊನೆಗೆ ಲ್ಯಾಬೇ ಮುಚ್ಚಿತು, ಅವರು ಒರೆಸಿಟ್ಟ ತಕ್ಕಡಿ, ಲೋಲಕಗಳೆಲ್ಲ ಗುಜರಿಗೆ ಹೋದವು. "ಎರಡು ದಿನ ಉಣ್ಣಲಿಲ್ರಿ ಇವ್ರು," ಎನ್ನುತ್ತಾರೆ ಹೆಂಡತಿ ಕಾಶವ್ವ. ಮನೆಯಲ್ಲಿ ಸುಮ್ಮನೆ ಕೂತಿದ್ದವರನ್ನು ಇಲ್ಲಿಗೆ ಎಳೆತಂದವಳು ನಿಪ್ಪಾಣಿಯ ಶೀತಲ್. ಅದೇ ಲ್ಯಾಬಿನಲ್ಲಿ ಓದಿದವಳು, ಈಗ ಇಲ್ಲಿನ ಮುಖ್ಯ ಎಂಜಿನಿಯರ್.

ಈ ವರ್ಷ ಒಂದು ನೀಲಿ ಗೆರೆ ಅವರನ್ನು ಬಿಡದೆ ಕಾಡಿದೆ. ಲೋಲಕದ ಗುಂಡನ್ನು ನೆಟ್ಟಗೆ ಮೇಲಕ್ಕೆ, ದಾರ ಕಟ್ಟಿದ ಮೊಳೆಯ ನೆತ್ತಿಗೇ ಒಯ್ದು ಬಿಟ್ಟರೆ ಅದು ಬೀಳದೆ ಅಲ್ಲೇ ನಿಂತುಬಿಡುತ್ತಿತ್ತು. ಪ್ರೋಗ್ರಾಂ ದಾರವನ್ನು ಕಬ್ಬಿಣದ ಸರಳೆಂದು ತಿಳಿದಿತ್ತು. ತಿದ್ದಲು ಹತ್ತು ದಿನ ಬೇಕು. "ಅಷ್ಟು ನೆಟ್ಟಗ ಯಾರು ಎಳೀತಾರ್ರಿ ಕಾಕಾ? ಉಗುರಿಲೆ ಹೋಗೂದಕ್ಕ ಕೊಡ್ಲಿ ಯಾಕ?" ಎಂದಳು ಶೀತಲ್. ಲ್ಯಾಬಿನಲ್ಲಿ ಯಾರೂ ಹಾಗೆ ಎಳೆದದ್ದನ್ನು ಈರಬಸಪ್ಪನವರೂ ಕಂಡಿರಲಿಲ್ಲ. ಎಳೆಯಲು ಹೋದವರನ್ನು ಅವರೇ ಗದರಿಸಿ ಕೂರಿಸುತ್ತಿದ್ದರು, ಅದು ಆಗ ನೆನಪಾಗಲಿಲ್ಲ. ನೀಲಿ ಗೆರೆ ಬಿತ್ತು.

ಪ್ರತಿ ಗುರುವಾರ ಯಾವುದಾದರೊಂದು ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತು ಮಕ್ಕಳ ಕೈ ನೋಡುವುದು ಅವರ ವಾಡಿಕೆ. ಶಿರೂರಿನ ಶಾಲೆಯಲ್ಲಿ ಏಳನೆಯ ತರಗತಿಯ ಮಾಯಾ, ಯಾದಗಿರಿ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರ ಮಗಳು, ಪರದೆಯ ಮೇಲಿನ ಗುಂಡನ್ನು ನೆಟ್ಟಗೆ ಮೇಲಕ್ಕೆ ಎಳೆದು ಬಿಟ್ಟಳು. ಅದು ನಿಂತಿತು. ಹಿಂದಿನ ವಾರವೂ ನಿಂತಿತ್ತಂತೆ. ಮನೆಗೆ ಹೋಗಿ ದಾರಕ್ಕೆ ಕಲ್ಲು ಕಟ್ಟಿಯೂ ನೋಡಿದ್ದಳಂತೆ.

"ಕಲ್ಲು ದಬಕ್ಕನ ಬಿತ್ರಿ ಅಜ್ಜಾ. ನನ್ನ ದಾರನ ಸರಿ ಇಲ್ಲ."

ಅದನ್ನು ಹೇಳುವಾಗ ಈರಬಸಪ್ಪನವರ ದನಿ ಇಂದಿಗೂ ಇಳಿಯುತ್ತದೆ. "ಕಣ್ಣಾರೆ ಕಂಡದ್ದನ್ನ ಆ ಕೂಸು ಸುಳ್ಳು ಅಂದ್ಕೊಂಡಿತ್ತು, ನನ್ನ ಒಂದು ಗೆರಿ ಸಂಬಂಧ. ಅಲ್ಲೇ ಹೇಳಿದೆ, ನಿನ್ನ ದಾರ ಸರಿ ಅದ ನನ್ನವ್ವ, ತಪ್ಪು ನಂದು ಅಂತ. ಆಕಿ ನಂಬಲಿಲ್ಲ."

ಮರುದಿನ ಅವರು ನೀಲಿ ಗೆರೆಯ ಮೇಲೆ ಕೆಂಪು ಗೆರೆ ಎಳೆದು ಶೀತಲಳ ಮುಂದಿಟ್ಟರು. ಹೊಸ ಆವೃತ್ತಿ ಸೋಮವಾರ ಇನ್ನೂರು ಶಾಲೆಗಳಿಗೆ ಹೋಗಬೇಕಿತ್ತು. ಅವಳು ಹಣೆ ಹಿಡಿದುಕೊಂಡಳು. ದಾರದ ಕಥೆ ಕೇಳಿದ ಮೇಲೆ ಶಾಲೆಗಳಿಗೆಲ್ಲ ಫೋನ್ ಮಾಡಿ ಇನ್ನೂ ಹತ್ತು ದಿನದ ಸಮಯ ಕೇಳಿಕೊಂಡವಳೂ ಅವಳೇ.

ತಿದ್ದಿದ್ದನ್ನು ಹಿಡಿದು ಈರಬಸಪ್ಪ ಮತ್ತೆ ಶಿರೂರಿಗೆ ಹೋದರು. ಮಾಯಾ ಪರದೆಯ ಗುಂಡನ್ನು ನೆಟ್ಟಗೆ ಎಳೆದು ಬಿಟ್ಟಳು, ಬಿತ್ತು. ಅಷ್ಟಕ್ಕೆ ಒಪ್ಪದೆ ಚೀಲದಿಂದ ತನ್ನ ದಾರ ಮತ್ತು ಕಲ್ಲು ತೆಗೆದು ಅದನ್ನೂ ಎತ್ತಿ ಬಿಟ್ಟಳು. ಎರಡನ್ನೂ ನೋಡಿ ತೀರ್ಪು ಕೊಟ್ಟಳು: "ಈಗ ನಿಮ್ಮ ಕಂಪ್ಯೂಟರ್ ಸರಿ ಅದ್ರಿ ಅಜ್ಜಾ."

ಈರಬಸಪ್ಪ ನೋಟ್‌ಬುಕ್ಕಿನ ಆ ಪುಟವನ್ನು ಅಂಗೈಯಿಂದ ಸವರುತ್ತಾರೆ. "ಇಪ್ಪತ್ತೊಂಬತ್ತು ವರ್ಷ ನನ್ನ ಯಾರೂ ಖಾಯಂ ಮಾಡಲಿಲ್ಲ, ಹೋಗ್ಲಿ ಬಿಡ್ರಿ. ಆ ಕೂಸು ಪಾಸ್ ಮಾಡ್ಯಾದ."